ನರ್ಸಿಂಗ್ ಪರವಾನಗಿ ಪರೀಕ್ಷೆ ಬದಲಾಗಿದೆ: ಚಳ್ಳಕೆರೆ, ಮೊಳಕಾಲ್ಮುರಿನ ಮಕ್ಕಳು ತಯಾರಾಗುವುದು ಹೇಗೆ?

ಕರಾವಳಿಯ ಕಥೋಲಿಕ ಕುಟುಂಬಗಳಿಗೆ ನರ್ಸಿಂಗ್ ವೃತ್ತಿ ಹೊಸದಲ್ಲ. 1880ರಲ್ಲಿ ವಂದನೀಯ ಫಾದರ್ ಅಗಸ್ಟಸ್ ಮುಲ್ಲರ್ ಮಂಗಳೂರಿನ ಕಂಕನಾಡಿಯಲ್ಲಿ ಆರಂಭಿಸಿದ ಔಷಧ ಸೇವೆ ದೊಡ್ಡ ಆಸ್ಪತ್ರೆಯಾಗಿ ಬೆಳೆದ ಕಥೆ ನಮಗೆಲ್ಲ ಗೊತ್ತು. ಮನೆಗೊಬ್ಬಳಾದರೂ ದಾದಿ, ಇಲ್ಲವೇ ಆಸ್ಪತ್ರೆಯಲ್ಲಿ ದುಡಿಯುವ ಧರ್ಮಭಗಿನಿ ಇರುವ ಊರುಗಳು ನಮ್ಮಲ್ಲಿ ಬಹಳ. ಹೀಗಾಗಿ ವಿದೇಶದ ಪರೀಕ್ಷೆ, ವೀಸಾ, ಏಜೆಂಟರು ಎಂಬ ಮಾತುಗಳು ನಮ್ಮ ಮನೆಗಳಲ್ಲಿ ಸಾಮಾನ್ಯ. ಅಕ್ಕನೋ ಚಿಕ್ಕಮ್ಮನೋ ಹೋಗಿ ಬಂದಿರುತ್ತಾರೆ. ತಿಳಿಯದ್ದನ್ನು ಅವರಲ್ಲಿ ಕೇಳಿಕೊಳ್ಳಬಹುದು.

ಇಂದು ಕರಾವಳಿಯ ನರ್ಸಿಂಗ್ ಕಾಲೇಜುಗಳ ತರಗತಿಗಳಲ್ಲಿ ನಮ್ಮ ಮಕ್ಕಳ ಪಕ್ಕದಲ್ಲಿ ಬಯಲುಸೀಮೆಯ ಮಕ್ಕಳೂ ಕುಳಿತಿದ್ದಾರೆ. ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ, ಮೊಳಕಾಲ್ಮುರು ತಾಲೂಕುಗಳಂಥ ಕಡೆಯಿಂದ ಬರುವ ಇವರಲ್ಲಿ ಹೆಚ್ಚಿನವರು ಮನೆಯಿಂದ ಕಾಲೇಜು ಮೆಟ್ಟಿಲು ಹತ್ತಿದ ಮೊದಲಿಗರು. ಕೇಳಿಕೊಳ್ಳಲು ಅಂಥ ಅಕ್ಕನಾಗಲಿ ಚಿಕ್ಕಮ್ಮನಾಗಲಿ ಇವರಿಗಿಲ್ಲ. ಅಮೆರಿಕದ ಪರವಾನಗಿ ಪರೀಕ್ಷೆ 2023ರಲ್ಲಿ ರೂಪ ಬದಲಿಸಿದಾಗ ಹೆಚ್ಚು ಗೊಂದಲಕ್ಕೆ ಬಿದ್ದವರು ಇಂಥ ಮನೆಗಳ ಮಕ್ಕಳೇ. 2026ರ ಏಪ್ರಿಲ್ 1 ಅದೇ ಪರೀಕ್ಷೆಯ ಹೊಸ ಯೋಜನೆಯ ಆರಂಭದ ದಿನ. ಏನು ಬದಲಾಯಿತು, ಏಕೆ ಬದಲಾಯಿತು, ತಯಾರಿ ಹೇಗೆ ಎಂಬುದನ್ನು ಈ ಲೇಖನದಲ್ಲಿ ಸರಳವಾಗಿ ತಿಳಿಸಲು ಪ್ರಯತ್ನಿಸಲಾಗಿದೆ.

ಎರಡು ತಾಲೂಕುಗಳ ಪರಿಚಯ

ಚಳ್ಳಕೆರೆ ಎಂದರೆ ಶೇಂಗಾ, ಎಣ್ಣೆ ಗಿರಣಿ, ಕುರಿ ಉಣ್ಣೆಯ ಕಂಬಳಿ. ಈಚಿನ ವರ್ಷಗಳಲ್ಲಿ ಕುದಾಪುರದ ಬಳಿ ಭಾರತೀಯ ವಿಜ್ಞಾನ ಸಂಸ್ಥೆಯ ಎರಡನೆಯ ಆವರಣವೂ ರಕ್ಷಣಾ ಸಂಶೋಧನೆಯ ಕೇಂದ್ರವೂ ಬಂದು ಊರಿನ ಹೆಸರು ಪತ್ರಿಕೆಗಳಲ್ಲಿ ಕಾಣಿಸುತ್ತಿದೆ. ಮೊಳಕಾಲ್ಮುರು ರೇಷ್ಮೆ ಸೀರೆಗೆ ಹೆಸರುವಾಸಿ. ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರದ ಅಶೋಕನ ಶಾಸನಗಳು ಇದೇ ತಾಲೂಕಿನವು. ಆಂಧ್ರದ ಗಡಿ ಹತ್ತಿರವಿದ್ದು ಮನೆಮಾತು ಹಲವರಿಗೆ ತೆಲುಗು. ಮಳೆ ಕಡಿಮೆ. ಮಳೆ ಕೈಕೊಟ್ಟ ವರ್ಷ ಶೇಂಗಾ ಬೆಳೆದವನಿಗೂ ಮಗ್ಗ ನಂಬಿದವನಿಗೂ ಕೈ ಖಾಲಿ. ಇಂಥ ಮನೆಯಲ್ಲಿ ಒಬ್ಬಳು ಹುಡುಗಿ ನರ್ಸಿಂಗ್ ಓದುತ್ತಾಳೆ ಎಂದರೆ ಅದರ ಹಿಂದೆ ಸಾಲವಿದೆ, ಅಡವಿಟ್ಟ ಒಡವೆಯಿದೆ, ಒಂದು ಇಡೀ ಕುಟುಂಬದ ನಿರೀಕ್ಷೆಯಿದೆ.

ಧರ್ಮಸಭೆಯ ವ್ಯವಸ್ಥೆಯಲ್ಲಿ ಚಿತ್ರದುರ್ಗ ಜಿಲ್ಲೆ 1988ರಲ್ಲಿ ಸ್ಥಾಪನೆಯಾದ ಶಿವಮೊಗ್ಗ ಧರ್ಮಕ್ಷೇತ್ರಕ್ಕೆ ಸೇರಿದೆ. ಅಲ್ಲಿ ಕ್ರೈಸ್ತರ ಸಂಖ್ಯೆ ಕಡಿಮೆ. ಈ ಲೇಖನದ ವಿಷಯ ಜಾತಿ, ಮತ ಕೇಳುವುದಿಲ್ಲ. ಬಿಳಿ ಸಮವಸ್ತ್ರ ತೊಟ್ಟ ಎಲ್ಲ ಮಕ್ಕಳಿಗೂ ಇದು ಒಂದೇ.

ಯಾವ ಪರೀಕ್ಷೆ?

ನಮ್ಮಲ್ಲಿ ನಾಲ್ಕು ವರ್ಷದ ಬಿ.ಎಸ್ಸಿ. ನರ್ಸಿಂಗ್ ಅಥವಾ ಮೂರು ವರ್ಷದ ಜಿ.ಎನ್.ಎಂ. ಮುಗಿಸಿದವರು ಅಂತಿಮ ಪರೀಕ್ಷೆ ಪಾಸಾದ ಮೇಲೆ ಕರ್ನಾಟಕ ರಾಜ್ಯ ನರ್ಸಿಂಗ್ ಪರಿಷತ್ತಿನಲ್ಲಿ ಹೆಸರು ನೋಂದಾಯಿಸಿಕೊಳ್ಳುತ್ತಾರೆ. ಅದಕ್ಕೆ ಮತ್ತೊಂದು ಪರೀಕ್ಷೆ ಬರೆಯಬೇಕಿಲ್ಲ. ಅಮೆರಿಕದ ಪದ್ಧತಿ ಬೇರೆ. ಅಲ್ಲಿ ಕಾಲೇಜಿನ ಪದವಿ ಒಂದು, ಕೆಲಸ ಮಾಡುವ ಪರವಾನಗಿ ಇನ್ನೊಂದು. ಪರವಾನಗಿ ಬೇಕಾದವರು ಎನ್‌ಕ್ಲೆಕ್ಸ್ ಎಂಬ ಪರೀಕ್ಷೆಯಲ್ಲಿ ತೇರ್ಗಡೆಯಾಗಬೇಕು. ಅಲ್ಲಿನ ರಾಜ್ಯಗಳ ನರ್ಸಿಂಗ್ ಮಂಡಳಿಗಳ ರಾಷ್ಟ್ರೀಯ ಪರಿಷತ್ತು ಇದನ್ನು ನಡೆಸುತ್ತದೆ. ನಮ್ಮ ಪದವೀಧರರು ಬರೆಯುವುದು ರಿಜಿಸ್ಟರ್ಡ್ ನರ್ಸ್‌ಗಳಿಗಾಗಿ ಇರುವ ಎನ್‌ಕ್ಲೆಕ್ಸ್-ಆರ್‌ಎನ್.

ಈ ಪರೀಕ್ಷೆ ಈಗ ಅಮೆರಿಕಕ್ಕಷ್ಟೇ ಸೀಮಿತವಲ್ಲ. ಕೆನಡಾ 2015ರಿಂದ ಇದನ್ನೇ ಬಳಸುತ್ತಿದೆ. ಆಸ್ಟ್ರೇಲಿಯ 2020ರಿಂದ ಹೊರದೇಶದ ನರ್ಸ್‌ಗಳ ಅರ್ಹತೆ ಅಳೆಯಲು ಇದನ್ನು ಮೊದಲ ಹಂತವಾಗಿಟ್ಟು, ಎರಡನೆಯ ಹಂತದಲ್ಲಿ ಪ್ರಾಯೋಗಿಕ ಪರೀಕ್ಷೆ ನಡೆಸುತ್ತಿದೆ. ಬ್ರಿಟನ್ನಿನದು ಬೇರೆ ಪರೀಕ್ಷೆ. ಅದರಲ್ಲಿಯೂ ಕಂಪ್ಯೂಟರ್ ಪರೀಕ್ಷೆ ಒಂದು, ಪ್ರಾಯೋಗಿಕ ಪರೀಕ್ಷೆ ಒಂದು. ಕೊಲ್ಲಿ ದೇಶಗಳಿಗೆ ಆಯಾ ದೇಶದ ಆರೋಗ್ಯ ಇಲಾಖೆಗಳು ನಡೆಸುವ, ನಮ್ಮವರು ರೂಢಿಯಲ್ಲಿ ಪ್ರೊಮೆಟ್ರಿಕ್ ಎಂದು ಕರೆಯುವ ಪರೀಕ್ಷೆಗಳಿವೆ. ಒಂದಕ್ಕೆ ಓದಿದ್ದು ಇನ್ನೊಂದಕ್ಕೆ ಹಾಗೆಯೇ ಸಾಲುವುದಿಲ್ಲ. ಆದ್ದರಿಂದ ಯಾವ ದೇಶ ಎಂಬುದನ್ನು ಮೊದಲು ನಿರ್ಧರಿಸಿ, ಆಮೇಲೆ ಪುಸ್ತಕ ಕೊಳ್ಳಿರಿ.

2023ರಲ್ಲಿ ಏನಾಯಿತು?

2023ರ ಏಪ್ರಿಲ್ 1ರಂದು ‘ನೆಕ್ಸ್ಟ್ ಜನರೇಷನ್ ಎನ್‌ಕ್ಲೆಕ್ಸ್’ ಜಾರಿಗೆ ಬಂತು. ಹೊಸದಾಗಿ ಕೆಲಸಕ್ಕೆ ಸೇರಿದ ನರ್ಸ್‌ಗಳಿಗೆ ಪುಸ್ತಕದ ವಿಷಯ ತಿಳಿದಿದ್ದರೂ, ರೋಗಿಯ ಮುಂದೆ ನಿಂತಾಗ ಸರಿಯಾದ ತೀರ್ಮಾನ ಮಾಡಲು ಕಷ್ಟವಾಗುತ್ತದೆ ಎಂಬ ಚಿಂತೆ ಈ ಬದಲಾವಣೆಯ ಹಿಂದೆ ಇತ್ತು. ಆ ತೀರ್ಮಾನ ಶಕ್ತಿಯನ್ನು ನೇರವಾಗಿ ಅಳೆಯಬೇಕು ಎಂಬುದೇ ಹೊಸ ಪರೀಕ್ಷೆಯ ಉದ್ದೇಶ.

ಮುಖ್ಯ ಅಂಶಗಳು ಹೀಗಿವೆ:

1. ಕನಿಷ್ಠ 85, ಗರಿಷ್ಠ 150 ಪ್ರಶ್ನೆಗಳು. ಇವುಗಳಲ್ಲಿ 15ಕ್ಕೆ ಅಂಕವಿಲ್ಲ. ಮುಂದಿನ ಪರೀಕ್ಷೆಗಳಿಗಾಗಿ ಅವುಗಳನ್ನು ಪರೀಕ್ಷಿಸಿ ನೋಡುತ್ತಾರೆ. ಆದರೆ ಯಾವುವು ಆ 15 ಎಂದು ಬರೆಯುವವರಿಗೆ ತಿಳಿಯದು.

2. ವಿರಾಮವೂ ಸೇರಿ ಒಟ್ಟು 5 ಗಂಟೆ ಸಮಯ.

3. ಎಲ್ಲರಿಗೂ ಮೂರು ರೋಗಿಗಳ ಸವಿಸ್ತಾರ ಪ್ರಕರಣಗಳು. ಒಂದೊಂದಕ್ಕೆ 6 ಪ್ರಶ್ನೆ, ಒಟ್ಟು 18.

4. ನಾಲ್ಕರಲ್ಲಿ ಒಂದನ್ನು ಆರಿಸುವ ಹಳೆಯ ಪ್ರಶ್ನೆಗಳ ಜೊತೆಗೆ ಹೊಸ ಬಗೆಗಳು: ಕೋಷ್ಟಕದಲ್ಲಿ ಗುರುತು ಹಾಕುವುದು, ನರ್ಸ್ ಬರೆದ ಟಿಪ್ಪಣಿಯಲ್ಲಿ ಮುಖ್ಯ ಮಾತುಗಳನ್ನು ಬಣ್ಣದಿಂದ ಗುರುತಿಸುವುದು, ಉತ್ತರವನ್ನು ಎಳೆದು ಜಾಗದಲ್ಲಿ ಇಡುವುದು, ವಾಕ್ಯದ ಬಿಟ್ಟ ಸ್ಥಳಕ್ಕೆ ಪಟ್ಟಿಯಿಂದ ಪದ ಆರಿಸುವುದು.

5. ‘ಬೋ-ಟೈ’ ಎಂಬ ಒಂದು ಬಗೆಯಿದೆ. ನಡುವೆ ರೋಗಿಯ ಸ್ಥಿತಿ, ಎಡಕ್ಕೆ ಮಾಡಬೇಕಾದ ಎರಡು ಕೆಲಸ, ಬಲಕ್ಕೆ ಗಮನಿಸುತ್ತಿರಬೇಕಾದ ಎರಡು ಅಂಶ. ಐದನ್ನೂ ತುಂಬಬೇಕು.

ಇದೊಂದು ಹೊಂದಾಣಿಕೆಯ ಕಂಪ್ಯೂಟರ್ ಪರೀಕ್ಷೆ ಎಂಬುದು 2023ಕ್ಕೂ ಮೊದಲಿನಿಂದ ಇರುವ ಸಂಗತಿ. ಆದರೂ ಹಲವರಿಗೆ ಇದು ಅರ್ಥವಾಗಿಲ್ಲ. ಚಳ್ಳಕೆರೆಯ ಮಾರುಕಟ್ಟೆಯಲ್ಲಿ ತಕ್ಕಡಿಗೆ ಶೇಂಗಾ ಹಾಕಿ, ಈ ಕಡೆ ಬಟ್ಟು ಏರಿಸುತ್ತಾ ಇಳಿಸುತ್ತಾ ಮುಳ್ಳು ನಿಲ್ಲುವವರೆಗೆ ನೋಡುವುದಿಲ್ಲವೇ? ಹಾಗೆಯೇ ಉತ್ತರ ಸರಿಯಾದರೆ ಕಂಪ್ಯೂಟರ್ ಮುಂದಿನ ಪ್ರಶ್ನೆಯನ್ನು ಸ್ವಲ್ಪ ಕಠಿಣ ಮಾಡುತ್ತದೆ, ತಪ್ಪಾದರೆ ಸ್ವಲ್ಪ ಸುಲಭ ಮಾಡುತ್ತದೆ. ಈಕೆ ನಿಗದಿತ ಮಟ್ಟಕ್ಕಿಂತ ಮೇಲಿದ್ದಾಳೆ ಅಥವಾ ಕೆಳಗಿದ್ದಾಳೆ ಎಂದು ಶೇಕಡ 95ರಷ್ಟು ಖಚಿತವಾದಾಗ ಪರೀಕ್ಷೆ ನಿಲ್ಲುತ್ತದೆ. ಆದ್ದರಿಂದ 85ಕ್ಕೆ ನಿಂತಿತೆಂದು ಹೆದರಬೇಕಿಲ್ಲ, ಹಿಗ್ಗಬೇಕಾಗಿಯೂ ಇಲ್ಲ. ಪ್ರಶ್ನೆಗಳು ಕಠಿಣವೆನಿಸಿದರೆ ಅದು ಕೆಟ್ಟ ಸೂಚನೆಯಲ್ಲ. ಒಮ್ಮೆ ಉತ್ತರ ಕೊಟ್ಟು ಮುಂದೆ ಹೋದ ಮೇಲೆ ಹಿಂದಕ್ಕೆ ಬಂದು ತಿದ್ದಲು ಆಗುವುದಿಲ್ಲ. ‘ಕಷ್ಟದ್ದನ್ನು ಕೊನೆಗೆ ನೋಡೋಣ’ ಎಂಬ ನಮ್ಮ ಶಾಲೆಯ ಅಭ್ಯಾಸ ಇಲ್ಲಿ ನಡೆಯದು.

ಆರು ಮೆಟ್ಟಿಲುಗಳು

ಪ್ರಕರಣದ ಆರು ಪ್ರಶ್ನೆಗಳು ಒಂದು ಕ್ರಮದಲ್ಲಿ ಬರುತ್ತವೆ. ಆ ಕ್ರಮವನ್ನು ಅರಿತರೆ ಅರ್ಧ ಭಯ ಹೋಗುತ್ತದೆ. ನಮ್ಮ ಕಡೆಯ ಉದಾಹರಣೆಯನ್ನೇ ತೆಗೆದುಕೊಳ್ಳೋಣ. ಮೊಳಕಾಲ್ಮುರಿನ ನೇಕಾರ ಕುಟುಂಬದ ಒಬ್ಬ ಗರ್ಭಿಣಿ, 34 ವಾರ. ತಲೆನೋವು ಎಂದು ಆಸ್ಪತ್ರೆಗೆ ಬಂದಿದ್ದಾಳೆ. ಮುಖ ಊದಿದೆ, ಕಣ್ಣು ಮಂಜಾಗಿದೆ. ರಕ್ತದೊತ್ತಡ 164/112. ಮೂತ್ರದಲ್ಲಿ ಪ್ರೋಟೀನ್ ಇದೆ. ಮಗ್ಗದ ಮುಂದೆ ಕುಳಿತು ಸೊಂಟನೋವು ಎಂದೂ ಹೇಳುತ್ತಾಳೆ.

ಮೊದಲನೆಯದು, ಸೂಚನೆಗಳನ್ನು ಗುರುತಿಸುವುದು. ರಕ್ತದೊತ್ತಡ, ತಲೆನೋವು, ಮಂಜುಗಣ್ಣು, ಮುಖದ ಊತ, ಪ್ರೋಟೀನ್ ಮುಖ್ಯ. ಸೊಂಟನೋವು ಈ ಹೊತ್ತಿಗೆ ಹಿಂದೆ ಸರಿಯಬೇಕು.

ಎರಡನೆಯದು, ಸೂಚನೆಗಳನ್ನು ಜೋಡಿಸಿ ನೋಡುವುದು. ಇವೆಲ್ಲ ಕೂಡಿ ತೀವ್ರ ಪ್ರೀ-ಎಕ್ಲಾಂಪ್ಸಿಯಾ, ಅಂದರೆ ಗರ್ಭಿಣಿಯರ ಅಪಾಯಕಾರಿ ರಕ್ತದೊತ್ತಡದ ಕಡೆಗೆ ಬೆರಳು ತೋರುತ್ತವೆ.

ಮೂರನೆಯದು, ಯಾವ ಅಪಾಯ ಮೊದಲು ಎಂದು ತೀರ್ಮಾನಿಸುವುದು. ಇಲ್ಲಿ ಫಿಟ್ಸ್ ಬರುವ ಅಪಾಯ ಎಲ್ಲಕ್ಕಿಂತ ಮುಂದಿದೆ.

ನಾಲ್ಕನೆಯದು, ಪರಿಹಾರಗಳನ್ನು ಯೋಚಿಸುವುದು. ಮಗ್ಗುಲಾಗಿ ಮಲಗಿಸುವುದು, ಗದ್ದಲವಿಲ್ಲದ ಕೋಣೆ, ಮೆಗ್ನೀಸಿಯಂ ಸಲ್ಫೇಟ್, ರಕ್ತದೊತ್ತಡ ಇಳಿಸುವ ಔಷಧ, ಕೈಗೆ ಸಿಗುವಂತೆ ಕ್ಯಾಲ್ಸಿಯಂ ಗ್ಲುಕೋನೇಟ್.

ಐದನೆಯದು, ಕೈಗೊಳ್ಳುವುದು. ಇವುಗಳಲ್ಲಿ ಯಾವುದು ಈಗಲೇ, ಯಾವುದು ಆಮೇಲೆ, ಯಾವುದು ವೈದ್ಯರ ಆದೇಶದ ಮೇಲೆ.

ಆರನೆಯದು, ಫಲ ಬಂತೇ ಎಂದು ನೋಡುವುದು. ರಕ್ತದೊತ್ತಡ ಇಳಿಯಿತೇ? ಉಸಿರಾಟ ನಿಮಿಷಕ್ಕೆ 12ಕ್ಕಿಂತ ಕಡಿಮೆಯಾಗಿಲ್ಲ ತಾನೇ? ಮೂತ್ರ ಗಂಟೆಗೆ 30 ಮಿಲಿಲೀಟರಿಗಿಂತ ಕಡಿಮೆಯಿಲ್ಲ ತಾನೇ? ಮೊಣಕಾಲಿನ ಪ್ರತಿಕ್ರಿಯೆ ಇದೆಯೇ? ಇವು ಕೆಟ್ಟರೆ ಮೆಗ್ನೀಸಿಯಂ ವಿಷವಾಗುತ್ತಿದೆ ಎಂದರ್ಥ. ಕ್ಯಾಲ್ಸಿಯಂ ಗ್ಲುಕೋನೇಟ್ ಇಟ್ಟುಕೊಂಡದ್ದು ಅದಕ್ಕಾಗಿಯೇ.

ಗಮನಿಸಿ, ಈ ಆರು ಮೆಟ್ಟಿಲುಗಳಲ್ಲಿ ಅಮೆರಿಕದ್ದು ಎನ್ನುವಂಥದ್ದು ಏನೂ ಇಲ್ಲ. ರಾತ್ರಿ ಪಾಳಿಯಲ್ಲಿ ಒಬ್ಬಳೇ ಇರುವ ತಾಲೂಕು ಆಸ್ಪತ್ರೆಯ ನರ್ಸ್‌ಗೆ ಬೇಕಾದದ್ದೂ ಇದೇ ಬುದ್ಧಿ. ಆದ್ದರಿಂದ ಈ ತಯಾರಿ ವೀಸಾ ಬರದಿದ್ದರೂ ವ್ಯರ್ಥವಲ್ಲ.

ಅಂಕ ಕೊಡುವ ರೀತಿ

ಮೊದಲು ‘ಅನ್ವಯಿಸುವ ಎಲ್ಲವನ್ನೂ ಆರಿಸಿ’ ಎಂಬ ಪ್ರಶ್ನೆಯಲ್ಲಿ ಒಂದು ತಪ್ಪಿದರೂ ಪೂರ್ತಿ ಸೊನ್ನೆ. ಈಗ ಭಾಗಶಃ ಅಂಕವಿದೆ. ಅದು ಮೂರು ಬಗೆ. ಕೆಲವು ಪ್ರಶ್ನೆಗಳಲ್ಲಿ ಸರಿಯಾದ ಪ್ರತಿಯೊಂದಕ್ಕೂ ಒಂದು ಅಂಕ, ತಪ್ಪಿಗೆ ದಂಡವಿಲ್ಲ. ಎಷ್ಟು ಬೇಕಾದರೂ ಆರಿಸಬಹುದಾದ ಪ್ರಶ್ನೆಗಳಲ್ಲಿ ಸರಿಗೆ ಒಂದು ಸೇರುತ್ತದೆ, ತಪ್ಪಿಗೆ ಒಂದು ಕಳೆಯುತ್ತದೆ. ಆದರೆ ಸೊನ್ನೆಗಿಂತ ಕೆಳಗೆ ಹೋಗುವುದಿಲ್ಲ. ಇನ್ನು ಕೆಲವುದರಲ್ಲಿ ಕಾರಣವೂ ಪರಿಣಾಮವೂ ಎರಡೂ ಸರಿಯಿದ್ದರೆ ಮಾತ್ರ ಅಂಕ. ಇದರಿಂದ ಒಂದು ಪಾಠ: ಎಲ್ಲಕ್ಕೂ ಟಿಕ್ ಹಾಕಿದರೆ ಯಾವುದಾದರೂ ತಗಲುತ್ತದೆ ಎಂಬ ಲೆಕ್ಕ ಕೈಹಿಡಿಯುವುದಿಲ್ಲ. ಗೊತ್ತಿರುವುದನ್ನು ಮಾತ್ರ ಆರಿಸಿ.

ಮೂರು ವರ್ಷಕ್ಕೊಮ್ಮೆ ಪರಿಷ್ಕರಣೆ

ಹೊಸದಾಗಿ ಸೇರಿದ ನರ್ಸ್‌ಗಳು ನಿಜವಾಗಿ ಏನೇನು ಕೆಲಸ ಮಾಡುತ್ತಾರೆ ಎಂದು ಸಮೀಕ್ಷೆ ಮಾಡಿ, ಅದರ ಆಧಾರದ ಮೇಲೆ ಪರೀಕ್ಷಾ ಯೋಜನೆಯನ್ನು ಮೂರು ವರ್ಷಕ್ಕೊಮ್ಮೆ ಪರಿಷ್ಕರಿಸುತ್ತಾರೆ. 2023ರ ಏಪ್ರಿಲ್‌ನಲ್ಲಿ ಬಂದ ಯೋಜನೆಯ ಅವಧಿ 2026ರ ಮಾರ್ಚ್ 31ರವರೆಗೆ. ಏಪ್ರಿಲ್ 1ರಿಂದ ಮುಂದಿನದು. ‘ಪರೀಕ್ಷೆ ಪೂರ್ತಿ ಬದಲಾಗುತ್ತಿದೆ, ಈಗಲೇ ನಮ್ಮ ಹೊಸ ಕೋರ್ಸಿಗೆ ಸೇರಿ’ ಎಂಬ ಜಾಹೀರಾತು ಇಂಥ ಸಮಯದಲ್ಲಿ ಹುಟ್ಟಿಕೊಳ್ಳುತ್ತದೆ. 2023ರಲ್ಲಾದದ್ದು ರೂಪದ ಬದಲಾವಣೆ. ಮೂರು ವರ್ಷಕ್ಕೊಮ್ಮೆ ಬರುವುದು ವಿಷಯಪಟ್ಟಿಯ ಪರಿಷ್ಕರಣೆ. ಎರಡನ್ನೂ ಒಂದೇ ಎಂದುಕೊಂಡು ಗಾಬರಿಯಾಗಬಾರದು. ಪರೀಕ್ಷಾ ಯೋಜನೆಯನ್ನು ಪರಿಷತ್ತು ತನ್ನ ಜಾಲತಾಣದಲ್ಲಿ ಉಚಿತವಾಗಿ ಕೊಡುತ್ತದೆ. ನೀವು ಬರೆಯುವ ದಿನ ಯಾವ ಯೋಜನೆಯ ಅವಧಿಯಲ್ಲಿ ಬೀಳುತ್ತದೆಯೋ ಅದನ್ನೇ ಇಳಿಸಿಕೊಂಡು ಓದಿರಿ.

2023ರ ಯೋಜನೆಯಲ್ಲಿ ವಿಷಯಗಳ ಪಾಲು ಹೀಗಿತ್ತು: ಆರೈಕೆಯ ನಿರ್ವಹಣೆ ಶೇಕಡ 15ರಿಂದ 21, ಔಷಧ ಮತ್ತು ಡ್ರಿಪ್ ಚಿಕಿತ್ಸೆ 13ರಿಂದ 19, ದೇಹದ ಸ್ಥಿತಿ ಕೆಟ್ಟಾಗಿನ ಆರೈಕೆ 11ರಿಂದ 17, ಸುರಕ್ಷತೆ ಮತ್ತು ಸೋಂಕು ನಿಯಂತ್ರಣ 10ರಿಂದ 16, ಅಪಾಯ ತಗ್ಗಿಸುವುದು 9ರಿಂದ 15, ಆರೋಗ್ಯ ಸಂವರ್ಧನೆ, ಮಾನಸಿಕ ಆರೋಗ್ಯ, ಮೂಲ ಆರೈಕೆ ತಲಾ 6ರಿಂದ 12. ಇದನ್ನು ನೋಡಿದಾಗ ಒಂದು ಸಂಗತಿ ಸ್ಪಷ್ಟ. ಅತಿ ಹೆಚ್ಚಿನ ಪಾಲು ‘ಆರೈಕೆಯ ನಿರ್ವಹಣೆ’ಗೆ. ನಮ್ಮ ಮಕ್ಕಳು ಎಡವುವುದೂ ಅಲ್ಲಿಯೇ.

ನಮ್ಮ ವಾರ್ಡು, ಅವರ ವಾರ್ಡು

ನಮ್ಮ ಆಸ್ಪತ್ರೆಗಳಲ್ಲಿ ರೋಗಿಯ ಮೈ ಒರೆಸುವುದು, ಊಟ ಮಾಡಿಸುವುದು, ಶೌಚಕ್ಕೆ ಕರೆದೊಯ್ಯುವುದು ಹೆಚ್ಚಾಗಿ ಮನೆಯವರು. ಅಮೆರಿಕದಲ್ಲಿ ಆ ಕೆಲಸ ಆಸ್ಪತ್ರೆಯದು. ನರ್ಸ್ ಅದನ್ನು ಸಹಾಯಕರಿಗೆ ಹಂಚಬೇಕು. ಯಾವ ಕೆಲಸವನ್ನು ಸಹಾಯಕಿಗೆ ಕೊಡಬಹುದು, ಯಾವುದನ್ನು ಪ್ರಾಕ್ಟಿಕಲ್ ನರ್ಸ್‌ಗೆ ಕೊಡಬಹುದು, ಯಾವುದನ್ನು ತಾನೇ ಮಾಡಬೇಕು ಎಂಬುದರ ಮೇಲೆ ಪ್ರಶ್ನೆಗಳು ಬರುತ್ತವೆ. ಸ್ಥಿರವಾಗಿರುವ ರೋಗಿಯ ಸ್ನಾನ, ಉಷ್ಣತೆ ನೋಡುವುದು ಇಂಥವನ್ನು ಹಂಚಬಹುದು. ಮೊದಲ ತಪಾಸಣೆ, ರೋಗಿಗೆ ತಿಳಿಹೇಳುವುದು, ಫಲಿತಾಂಶ ನೋಡಿ ತೀರ್ಮಾನಿಸುವುದು ಇವನ್ನು ಹಂಚುವಂತಿಲ್ಲ.

ಎರಡನೆಯದಾಗಿ, ‘ಡಾಕ್ಟರಿಗೆ ತಿಳಿಸುತ್ತೇನೆ’ ಎಂಬುದು ನಮ್ಮಲ್ಲಿ ಸುರಕ್ಷಿತ ಉತ್ತರ. ಆ ಪರೀಕ್ಷೆಯಲ್ಲಿ ಹಲವು ಬಾರಿ ಅದು ಎರಡನೆಯ ಉತ್ತರ. ಉಸಿರು ಕಟ್ಟುತ್ತಿರುವ ರೋಗಿಯನ್ನು ಮೊದಲು ಎತ್ತಿ ಕೂರಿಸಬೇಕು, ಆಮೇಲೆ ಕರೆ ಮಾಡಬೇಕು. ನರ್ಸ್ ತನ್ನ ಅಧಿಕಾರದಲ್ಲಿ ಏನು ಮಾಡಬಹುದೋ ಅದನ್ನು ಮಾಡಿದಳೇ ಎಂದು ಪ್ರಶ್ನೆ ಕೇಳುತ್ತದೆ.

ಮೂರನೆಯದು, ರೋಗಿಯ ಹಕ್ಕು. ಕಾಯಿಲೆಯ ಸುದ್ದಿಯನ್ನು ಮೊದಲು ಮನೆಯ ಹಿರಿಯರಿಗೆ ಹೇಳಿ, ರೋಗಿಗೆ ಮುಚ್ಚಿಡುವುದು ನಮ್ಮಲ್ಲಿ ಪ್ರೀತಿಯ ಲಕ್ಷಣ. ಅಲ್ಲಿ ಪ್ರಾಯಕ್ಕೆ ಬಂದ ರೋಗಿಯ ಒಪ್ಪಿಗೆಯಿಲ್ಲದೆ ಮಗನಿಗೂ ಹೇಳುವಂತಿಲ್ಲ.

ನಾಲ್ಕನೆಯದು, ಔಷಧದ ಹೆಸರು. ನಮ್ಮ ಮಕ್ಕಳು ಮಾತ್ರೆಯನ್ನು ಕಂಪನಿಯ ಹೆಸರಿನಿಂದ ಬಲ್ಲರು. ಪರೀಕ್ಷೆಯಲ್ಲಿ ಮೂಲ ಹೆಸರು ಮಾತ್ರ, ಅದೂ ಅಮೆರಿಕದ್ದು. ನಮ್ಮ ಪ್ಯಾರಾಸಿಟಮಾಲ್ ಅಲ್ಲಿ ಅಸಿಟಾಮಿನೋಫೆನ್. ಅಡ್ರಿನಲಿನ್ ಎಂದರೆ ಎಪಿನೆಫ್ರಿನ್. ಸಾಲ್ಬುಟಮಾಲ್ ಎಂದರೆ ಆಲ್ಬುಟೆರಾಲ್. ಪೆಥಿಡಿನ್ ಎಂದರೆ ಮೆಪೆರಿಡಿನ್. ಇಂಥ ಪಟ್ಟಿಯೊಂದನ್ನು ಮೊದಲ ವಾರದಲ್ಲೇ ಮಾಡಿ ಗೋಡೆಗೆ ಅಂಟಿಸಿಕೊಳ್ಳಿರಿ.

ಕಾಗದಪತ್ರಗಳು

ಹಲವರ ಪ್ರಯಾಣ ನಿಲ್ಲುವುದು ಓದಿನಲ್ಲಲ್ಲ, ಕಾಗದದಲ್ಲಿ. ಕ್ರಮ ಹೀಗಿದೆ. ಅಮೆರಿಕದ ಯಾವುದಾದರೂ ಒಂದು ರಾಜ್ಯದ ನರ್ಸಿಂಗ್ ಮಂಡಳಿಗೆ ಅರ್ಜಿ. ಅದು ಕೇಳಿದರೆ ನಿಮ್ಮ ಅಂಕಪಟ್ಟಿ, ತರಬೇತಿ ಗಂಟೆಗಳ ಪರಿಶೀಲನೆ. ಈ ಕೆಲಸವನ್ನು 1977ರಲ್ಲಿ ಸ್ಥಾಪನೆಯಾದ ಸಿಜಿಎಫ್‌ಎನ್‌ಎಸ್ ಎಂಬ ಸಂಸ್ಥೆ ಬಹುಕಾಲದಿಂದ ಮಾಡುತ್ತಿದ್ದು, 2025ರಲ್ಲಿ ಅದರ ಹೆಸರು ಟ್ರೂಮೆರಿಟ್ ಎಂದಾಗಿದೆ. ಬಳಿಕ ಪಿಯರ್ಸನ್ ವ್ಯೂ ಕಂಪನಿಯಲ್ಲಿ ಪರೀಕ್ಷೆಗೆ ನೋಂದಣಿ. ಮಂಡಳಿ ಅರ್ಹತೆ ಒಪ್ಪಿದ ಮೇಲೆ ಪರೀಕ್ಷೆ ಬರೆಯಲು ಅನುಮತಿ ಪತ್ರ. ಅದು ಬಂದ ಮೇಲೆಯೇ ದಿನ, ಕೇಂದ್ರ ಆರಿಸುವುದು. ಬೆಂಗಳೂರಿನಲ್ಲಿ ಕೇಂದ್ರವಿದೆ; ಚಳ್ಳಕೆರೆಯಿಂದ ಸುಮಾರು 200 ಕಿ.ಮೀ. ಹಿಂದಿನ ರಾತ್ರಿ ಬಸ್ಸಿನಲ್ಲಿ ನಿದ್ದೆಗೆಟ್ಟು ಬಂದು ಐದು ಗಂಟೆ ಕುಳಿತುಕೊಳ್ಳುವುದಕ್ಕಿಂತ ಒಂದು ದಿನ ಮೊದಲೇ ಬಂದು ತಂಗುವುದು ಒಳ್ಳೆಯದು.

ನೋಂದಣಿಗೆ 200 ಡಾಲರ್, ಅಮೆರಿಕದ ಹೊರಗೆ ಬರೆಯುವುದಕ್ಕೆ ಹೆಚ್ಚುವರಿ 150 ಡಾಲರ್ ಮತ್ತು ತೆರಿಗೆ. ನಮ್ಮ ಲೆಕ್ಕದಲ್ಲಿ ಮೂವತ್ತು ಸಾವಿರ ರೂಪಾಯಿಯ ಆಸುಪಾಸು. ಮಂಡಳಿಯ ಅರ್ಜಿ, ದಾಖಲೆ ಪರಿಶೀಲನೆಯ ಶುಲ್ಕ ಬೇರೆ.

ಹೆಸರಿನ ವಿಷಯದಲ್ಲಿ ಬಹಳ ಎಚ್ಚರ ಬೇಕು. ನಮ್ಮ ಕಡೆ ಹೆಸರಿನ ಮುಂದೆ ಊರಿನದೋ ತಂದೆಯದೋ ಇನಿಷಿಯಲ್. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ ಇನಿಷಿಯಲ್ ಮುಂದೆ, ಪದವಿ ಪತ್ರದಲ್ಲಿ ಹಿಂದೆ, ಪಾಸ್‌ಪೋರ್ಟಿನಲ್ಲಿ ಬಿಡಿಸಿ ಬರೆದ ತಂದೆಯ ಹೆಸರು. ಅನುಮತಿ ಪತ್ರದ ಹೆಸರೂ ಪಾಸ್‌ಪೋರ್ಟಿನ ಹೆಸರೂ ತಾಳೆಯಾಗದಿದ್ದರೆ ಪರೀಕ್ಷಾ ಕೊಠಡಿಯ ಬಾಗಿಲಿನಿಂದಲೇ ಹಿಂದಿರುಗಬೇಕಾಗುತ್ತದೆ, ಕಟ್ಟಿದ ಹಣವೂ ಹೋಗುತ್ತದೆ. ಮೊದಲು ಪಾಸ್‌ಪೋರ್ಟ್ ಸರಿ ಮಾಡಿಸಿ, ಆಮೇಲೆ ಅದರಲ್ಲಿರುವಂತೆಯೇ ಎಲ್ಲ ಅರ್ಜಿಗಳಲ್ಲಿ ಬರೆಯಿರಿ. ರಾಜ್ಯ ನರ್ಸಿಂಗ್ ಪರಿಷತ್ತಿನ ನೋಂದಣಿ ನವೀಕರಣವಾಗಿದೆಯೇ ನೋಡಿಕೊಳ್ಳಿರಿ. ಕಾಲೇಜು ಬಿಡುವ ಮೊದಲೇ ಮೆಡಿಕಲ್, ಸರ್ಜಿಕಲ್, ಹೆರಿಗೆ, ಮಕ್ಕಳ ಮತ್ತು ಮಾನಸಿಕ ವಿಭಾಗಗಳಲ್ಲಿ ಪಾಠ ಹಾಗೂ ವಾರ್ಡಿನ ಗಂಟೆಗಳು ಅಂಕಪಟ್ಟಿಯಲ್ಲಿ ಸರಿಯಾಗಿ ದಾಖಲಾಗಿವೆಯೇ ಎಂದು ಕೇಳಿರಿ. ವರ್ಷಗಳ ನಂತರ ಹೋಗಿ ಕೇಳಿದರೆ ಯಾರಿಗೂ ಸುಲಭವಲ್ಲ.

ತಯಾರಿಯ ಕೆಲವು ಸೂಚನೆಗಳು

1. ಮೊಬೈಲಿನಲ್ಲಿ ಓದಬಹುದು, ಆದರೆ ಅಭ್ಯಾಸ ಕಂಪ್ಯೂಟರಿನಲ್ಲೇ ಆಗಬೇಕು. ಎಳೆದು ಇಡುವುದು, ಬಣ್ಣದಿಂದ ಗುರುತಿಸುವುದು, ಒಂದೇ ಪರದೆಯಲ್ಲಿ ಟಿಪ್ಪಣಿ, ಪ್ರಯೋಗಾಲಯದ ವರದಿ, ಆದೇಶ ಎಂದು ಪುಟ ತಿರುವುದು ಇವಕ್ಕೆ ಮೌಸ್ ಹಿಡಿದ ಕೈ ಬೇಕು. ಮನೆಯಲ್ಲಿ ಕಂಪ್ಯೂಟರ್ ಇಲ್ಲದವರಿಗೆ ವಾರಕ್ಕೆರಡು ದಿನ ಶಾಲೆ ಅಥವಾ ಕಾನ್ವೆಂಟಿನ ಕಂಪ್ಯೂಟರ್ ಕೋಣೆ ತೆರೆದುಕೊಟ್ಟರೆ ಅದು ದೊಡ್ಡ ಉಪಕಾರ.

2. ಪರಿಷತ್ತೇ ಉಚಿತವಾಗಿ ಕೊಡುವ ಮಾದರಿ ಪ್ರಶ್ನೆಗಳಿಂದ ಆರಂಭಿಸಿ. 2023ಕ್ಕಿಂತ ಹಿಂದಿನ ಹಳೆಯ ಪುಸ್ತಕಗಳು ರೋಗಶಾಸ್ತ್ರ, ಔಷಧಶಾಸ್ತ್ರ ಓದಲು ಸಾಕು. ಪ್ರಶ್ನೆಗಳ ರೂಪಕ್ಕೆ ಸಾಲವು.

3. ಕನ್ನಡ ಮಾಧ್ಯಮದಲ್ಲಿ ಓದಿದವರು ದಿನಕ್ಕೊಂದು ರೋಗಿಯ ಟಿಪ್ಪಣಿಯನ್ನು ಇಂಗ್ಲಿಷಿನಲ್ಲಿ ಗಟ್ಟಿಯಾಗಿ ಓದಿ, ಅರ್ಥವನ್ನು ಕನ್ನಡದಲ್ಲಿ ಇನ್ನೊಬ್ಬರಿಗೆ ಹೇಳಿರಿ. ತನ್ನ ಭಾಷೆಯಲ್ಲಿ ಹೇಳಲು ಬಂದರೆ ಅರ್ಥವಾಗಿದೆ ಎಂದೇ ಲೆಕ್ಕ. ಇಂಗ್ಲಿಷ್ ಅರ್ಹತಾ ಪರೀಕ್ಷೆಯ ತಯಾರಿಯೂ ಇದರಿಂದ ಆಗುತ್ತದೆ.

4. ಕೆಲಸದಲ್ಲಿರುವವರು ಪಾಳಿ ಮುಗಿದ ಮೇಲೆ ಒಬ್ಬ ರೋಗಿಯನ್ನು ನೆನೆದು ಆರು ಮೆಟ್ಟಿಲುಗಳಲ್ಲಿ ಅರ್ಧ ಪುಟ ಬರೆಯಿರಿ. ರೋಗಿಯ ಹೆಸರು ಬರೆಯಬೇಡಿ.

5. ಮೂರು ನಾಲ್ಕು ಮಂದಿ ಸೇರಿ ಓದಿ. ತಪ್ಪಿದ ಪ್ರಶ್ನೆಗೆ ‘ಉತ್ತರ ಯಾವುದು’ ಎನ್ನುವುದಕ್ಕಿಂತ ‘ನಾನು ಯಾವ ಮೆಟ್ಟಿಲಿನಲ್ಲಿ ಜಾರಿದೆ’ ಎಂದು ಕೇಳಿಕೊಳ್ಳಿ.

6. ಅನುತ್ತೀರ್ಣರಾದರೆ ಸಾಮಾನ್ಯವಾಗಿ 45 ದಿನ ಕಳೆದ ಮೇಲೆ ಮತ್ತೆ ಬರೆಯಬಹುದು. ಯಾವ ಭಾಗದಲ್ಲಿ ಹಿಂದೆ ಬಿದ್ದಿರಿ ಎಂಬ ವರದಿ ಕೊಡುತ್ತಾರೆ. ಅದನ್ನು ಹರಿದು ಬಿಸಾಡದೆ ಓದಿನ ಪಟ್ಟಿ ಮಾಡಿಕೊಳ್ಳಿರಿ.

ಮೋಸಕ್ಕೆ ಬೀಳದಿರಿ

‘ಪಾಸ್ ಗ್ಯಾರಂಟಿ’, ‘ನಿಜವಾದ ಪ್ರಶ್ನೆಗಳು ನಮ್ಮಲ್ಲಿವೆ’, ‘ನಿಮ್ಮ ಬದಲು ನಾವೇ ವ್ಯವಸ್ಥೆ ಮಾಡುತ್ತೇವೆ’ ಎನ್ನುವವರ ಬಳಿ ಸುಳಿಯಬೇಡಿ. ಪ್ರತಿಯೊಬ್ಬರಿಗೂ ಬೇರೆ ಬೇರೆ ಪ್ರಶ್ನೆ ಕೊಡುವ ಪರೀಕ್ಷೆಯಲ್ಲಿ ಪ್ರಶ್ನೆಪತ್ರಿಕೆ ಎಂಬುದೇ ಇಲ್ಲ. 2023ರ ಜನವರಿಯಲ್ಲಿ ಅಮೆರಿಕದ ತನಿಖಾ ಸಂಸ್ಥೆಗಳು ‘ಆಪರೇಷನ್ ನೈಟಿಂಗೇಲ್’ ಎಂಬ ಹೆಸರಿನಲ್ಲಿ ದಾಳಿ ನಡೆಸಿ, ಫ್ಲೋರಿಡಾದ ನರ್ಸಿಂಗ್ ಶಾಲೆಗಳಿಂದ 7,600ಕ್ಕೂ ಹೆಚ್ಚು ನಕಲಿ ಪದವಿ ಪತ್ರಗಳು ಮಾರಾಟವಾದದ್ದನ್ನು ಬಯಲಿಗೆಳೆದವು. ಆ ಬಳಿಕ ದಾಖಲೆಗಳ ಪರಿಶೀಲನೆ ಎಲ್ಲೆಡೆ ಬಿಗಿಯಾಗಿದೆ. ಒಮ್ಮೆ ಸಿಕ್ಕಿಬಿದ್ದರೆ ಇಲ್ಲಿಯ ನೋಂದಣಿಗೂ ಕುತ್ತು.

ಕೊಲ್ಲಿ ದೇಶಗಳೂ ಸೇರಿದಂತೆ 18 ದೇಶಗಳಿಗೆ ಉದ್ಯೋಗಕ್ಕೆ ಹೋಗುವ ನರ್ಸ್‌ಗಳು 2015ರಿಂದ ಸರಕಾರದ ಇ-ಮೈಗ್ರೇಟ್ ವ್ಯವಸ್ಥೆಯ ಮೂಲಕವೇ ಹೋಗಬೇಕು. 1983ರ ವಲಸೆ ಕಾಯ್ದೆಯ ನಿಯಮಗಳಂತೆ ನೋಂದಾಯಿತ ಏಜೆಂಟ್ ಪಡೆಯಬಹುದಾದ ಸೇವಾಶುಲ್ಕ 30,000 ರೂಪಾಯಿ ಮತ್ತು ಜಿ.ಎಸ್.ಟಿ. ಲಕ್ಷಗಟ್ಟಲೆ ಕೇಳುವವನ ನೋಂದಣಿ ಸಂಖ್ಯೆ ಕೇಳಿ, ಜಾಲತಾಣದಲ್ಲಿ ಪರಿಶೀಲಿಸಿ. ರಸೀದಿ ಇಲ್ಲದೆ ಒಂದು ರೂಪಾಯಿಯನ್ನೂ ಕೊಡಬೇಡಿ. ಮೂಲ ಪ್ರಮಾಣಪತ್ರಗಳನ್ನು ಯಾರ ಕೈಗೂ ಒಪ್ಪಿಸಬೇಡಿ.

ಹೆತ್ತವರ ಪ್ರಶ್ನೆಗಳು

‘ಫಾದರ್, ಮಗಳು ಪಾಸಾದ್ರೆ ವೀಸಾ ಬಂದಂಗೇ ಅಲ್ವಾ?’ ಅಲ್ಲ. ಎನ್‌ಕ್ಲೆಕ್ಸ್ ಪರವಾನಗಿಗೆ ದಾರಿ, ವೀಸಾಕ್ಕೆ ಅಲ್ಲ. ಇಂಗ್ಲಿಷ್ ಪರೀಕ್ಷೆ, ವೀಸಾ ದೃಢೀಕರಣ, ಉದ್ಯೋಗದಾತರ ಅರ್ಜಿ ಇವೆಲ್ಲ ಆದ ಮೇಲೂ ಭಾರತೀಯರಿಗೆ ಅಮೆರಿಕದ ವಲಸೆ ವೀಸಾದ ಸರದಿ ಬಹಳ ಉದ್ದ, ಕಾಯುವುದು ವರ್ಷಗಟ್ಟಲೆ. ಇದನ್ನು ತಿಳಿಯದೆ ಬಡ್ಡಿಗೆ ಸಾಲ ಮಾಡಿದರೆ ಕಷ್ಟ.

‘ಹಾಗಾದ್ರೆ ಅಲ್ಲೀತನಕ ಏನ್ ಮಾಡ್ಬೇಕು?’ ಕೆಲಸ. ಓದಿಗೆಂದು ಕೆಲಸ ಬಿಟ್ಟು ಎರಡು ವರ್ಷ ಮನೆಯಲ್ಲಿ ಕೂರುವುದು ಬೇಡ. ವಾರ್ಡಿನ ಅನುಭವ ಅರ್ಜಿಗೂ ಬೇಕು, ಉತ್ತರಕ್ಕೂ ಬೇಕು. ಸ್ವದೇಶದಲ್ಲಿಯೂ ಅವಕಾಶಗಳಿವೆ. ಏಮ್ಸ್ ಆಸ್ಪತ್ರೆಗಳ ನರ್ಸಿಂಗ್ ಅಧಿಕಾರಿ ಹುದ್ದೆಗಳಿಗೆ 2020ರಿಂದ ‘ನಾರ್ಸೆಟ್’ ಎಂಬ ಸಾಮಾನ್ಯ ಪರೀಕ್ಷೆ ನಡೆಯುತ್ತಿದೆ. ಇಲ್ಲಿ ಹೇಳಿದ ತಯಾರಿ ಅದಕ್ಕೂ ನೆರವಾಗುತ್ತದೆ.

‘ಇಲ್ಲೂ ಬದಲಾವಣೆ ಬರ್ತೈತಂತೆ?’ ಹೌದು. ಬಿ.ಎಸ್ಸಿ. ನರ್ಸಿಂಗ್ ಪಠ್ಯಕ್ರಮ 2021ರ ಪರಿಷ್ಕರಣೆಯಿಂದ ಸೆಮಿಸ್ಟರ್ ಪದ್ಧತಿಗೆ ಬಂದಿದೆ. 1947ರ ನರ್ಸಿಂಗ್ ಪರಿಷತ್ ಕಾಯ್ದೆಯ ಜಾಗಕ್ಕೆ ರಾಷ್ಟ್ರೀಯ ಆಯೋಗವನ್ನು ತರುವ ಕಾಯ್ದೆಯನ್ನು ಸಂಸತ್ತು 2023ರಲ್ಲಿ ಅಂಗೀಕರಿಸಿತು. ಬಾಯಿಪಾಠಕ್ಕಿಂತ ತೀರ್ಮಾನ ಶಕ್ತಿಗೆ ಬೆಲೆ ಎಂಬ ಗಾಳಿ ಎಲ್ಲ ಕಡೆಯೂ ಬೀಸುತ್ತಿದೆ.

ಹೋಗುವುದೋ, ಉಳಿಯುವುದೋ?

ನಮ್ಮ ಮಕ್ಕಳನ್ನು ಹೊರದೇಶಕ್ಕೆ ಕಳುಹಿಸಲು ಧರ್ಮಸಭೆ ಏಕೆ ನೆರವಾಗಬೇಕು, ಇಲ್ಲಿಯ ಆಸ್ಪತ್ರೆಗಳಲ್ಲಿ ನರ್ಸ್‌ಗಳ ಕೊರತೆ ಇಲ್ಲವೇ ಎಂದು ಕೆಲವರು ಕೇಳುತ್ತಾರೆ. ಪ್ರಶ್ನೆ ನ್ಯಾಯವಾದದ್ದೇ. ಜಗದ್ಗುರು ಫ್ರಾನ್ಸಿಸರು 2023ರ ವಲಸಿಗರ ದಿನಕ್ಕೆ ಆರಿಸಿದ ವಿಷಯ, ವಲಸೆ ಹೋಗಲೂ ಉಳಿಯಲೂ ಸ್ವಾತಂತ್ರ್ಯ ಇರಬೇಕು ಎಂಬುದಾಗಿತ್ತು. ಸಾಲದ ಒತ್ತಡಕ್ಕೆ ಹೋಗುವವಳು ಸ್ವತಂತ್ರಳಲ್ಲ. ದಾರಿ ತಿಳಿಯದೆ ಉಳಿಯುವವಳೂ ಸ್ವತಂತ್ರಳಲ್ಲ. ಸರಿಯಾದ ಮಾಹಿತಿ ಕೊಟ್ಟು ಎರಡು ಬಾಗಿಲನ್ನೂ ತೆರೆದಿಡುವುದು ನಮ್ಮ ಕೆಲಸ. ಯಾವ ಬಾಗಿಲಿನಿಂದ ಹೋಗಬೇಕೆಂಬುದು ಅವಳ ತೀರ್ಮಾನ.

ಸಂತ ಲೂಕರ ಶುಭಸಂದೇಶದ ಸಮಾರಿಯದವನನ್ನು ನೆನೆಯಿರಿ. ದಾರಿಯಲ್ಲಿ ಬಿದ್ದವನನ್ನು ಯಾಜಕನೂ ನೋಡಿದ, ಲೇವಿಯನೂ ನೋಡಿದ. ಸಮಾರಿಯದವನು ನೋಡಿದ, ಗಾಯ ಗುರುತಿಸಿದ, ಎಣ್ಣೆ ದ್ರಾಕ್ಷಾರಸ ಹಚ್ಚಿ ಕಟ್ಟಿದ, ಸುರಕ್ಷಿತ ಜಾಗಕ್ಕೆ ಒಯ್ದ, ಆರೈಕೆಯನ್ನು ಇನ್ನೊಬ್ಬನಿಗೆ ಒಪ್ಪಿಸಿದ, ಮತ್ತೆ ಬಂದು ವಿಚಾರಿಸುತ್ತೇನೆ ಎಂದ. ನರ್ಸ್‌ಗಳು ಈ ಆರು ಮೆಟ್ಟಿಲುಗಳನ್ನು ಕಲಿಯುವುದೂ ಇದಕ್ಕೇ, ಬಿದ್ದವನನ್ನು ಎತ್ತುವುದಕ್ಕೆ.

ಚಳ್ಳಕೆರೆ, ಮೊಳಕಾಲ್ಮುರು ಭಾಗದಲ್ಲಿ ಸೇವೆಯಲ್ಲಿರುವ ಗುರುಗಳು, ಧರ್ಮಭಗಿನಿಯರು, ಶಿಕ್ಷಕರು ಈ ಲೇಖನವನ್ನು ಅಚ್ಚು ಹಾಕಿ ನರ್ಸಿಂಗ್ ಓದುವ ಮಕ್ಕಳಿಗೂ ಅವರ ಹೆತ್ತವರಿಗೂ ಓದಿ ಹೇಳಬೇಕೆಂದು ಕೋರುತ್ತೇವೆ. ಕರಾವಳಿಯಲ್ಲಿ ನೆಲೆಸಿರುವ, ವಿದೇಶದಲ್ಲಿ ದುಡಿದು ಮರಳಿರುವ ನಮ್ಮ ದಾದಿಯರು ವಾರಕ್ಕೊಂದು ಗಂಟೆ ದೂರವಾಣಿಯಲ್ಲಿ ಇಂಥ ಒಬ್ಬ ಹುಡುಗಿಗೆ ಅಕ್ಕನ ಸ್ಥಾನದಲ್ಲಿ ನಿಂತರೆ ಅದೂ ಒಂದು ಸುವಾರ್ತಾ ಸೇವೆ. ರೋಗಿಗಳ ಮತ್ತು ದಾದಿಯರ ಪಾಲಕರಾದ ಸಂತ ಕಮಿಲ್ಲಸ್ ಎಲ್ಲ ಪರೀಕ್ಷಾರ್ಥಿಗಳಿಗಾಗಿ ಪ್ರಾರ್ಥಿಸಲಿ.